ಒಂದೇ ಕೈಯ ಉಪ್ಪು

ಎರಡು ಜಡೆ ಒಂದು ಕಡೆ ಸೇರಿದರೆ ಜಗಳ ಎನ್ನುತ್ತಾರೆ. ಹಾಗೆ ಹೇಳಿದವನು ಗಂಡಸೇ ಇರಬೇಕು. ಆ ಎರಡು ಜಡೆಗಳಿಗೆ ಇರುವುದು ಒಂದೇ ಒಲೆ ಎಂಬುದನ್ನು ಮಾತ್ರ ಆ ಪುಣ್ಯಾತ್ಮ ಹೇಳಲಿಲ್ಲ. ಈ ಮನೆಯಲ್ಲಿ ಇದ್ದದ್ದು ಎರಡು ಉರಿಯ ಒಂದು ಗ್ಯಾಸ್ ಒಲೆ, ಅದರ ಪಕ್ಕಕ್ಕೆ ತಗಡಿನ ಒಂದು ಹಳೆಯ ಓವನ್, ಮತ್ತು ಇಬ್ಬರು ಓರಗಿತ್ತಿಯರು. ಒಲೆ, ಓವನ್ ಎರಡೂ ದೊಡ್ಡವಳ ಪಾಲಿನವು. ಚಿಕ್ಕವಳ ಪಾಲಿಗೆ ಚಾಕು, ಮಣೆ, ತೊಳೆಯುವ ತೊಟ್ಟಿ.

ಚಿಕ್ಕವಳನ್ನು ಬೀದಿಯವರು ಕಾಜಾ ಚಿಕ್ಕಮ್ಮ ಎನ್ನುತ್ತಿದ್ದರು. ದೊಡ್ಡವಳ ಮಗ ಚಿಕ್ಕಮ್ಮ ಎಂದು ಕೂಗುವುದನ್ನು ಕೇಳಿ ಕೇಳಿ ಬೀದಿಗೂ ಅವಳು ಚಿಕ್ಕಮ್ಮನೇ ಆದಳು. ಕಾಜಾ ಎಂಬುದು ಅವಳ ಕೆಲಸ. ಮೂಲೆಯ ಟೈಲರ್ ಅಂಗಡಿಯಿಂದ ಹೊಲಿದ ಶರಟುಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಗುಂಡಿ ತೂರುವುದಕ್ಕೆ ಸೀಳು ಕತ್ತರಿಸಿ, ಸೀಳಿನ ಅಂಚನ್ನು ಒತ್ತಾಗಿ ಕೈಯಲ್ಲೇ ಹೊಲಿದು, ಎದುರಿಗೆ ಗುಂಡಿ ಹಚ್ಚಿ ವಾಪಸು ಕಳಿಸುವುದು ಅವಳ ಬದುಕು. ನಡುಮನೆಯ ಕಿಟಕಿಯ ಕೆಳಗೆ ಅವಳ ಚಾಪೆ, ಪಕ್ಕದಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ದಾರ, ಕತ್ತರಿ, ಗುಂಡಿಗಳ ಐದಾರು ತಗಡಿನ ಡಬ್ಬಿ. ಅಲ್ಲಿ ಕೂತರೆ ಅಡುಗೆಮನೆಯ ಒಲೆ ನೇರವಾಗಿ ಕಾಣುತ್ತಿತ್ತು. ಮೂವತ್ತಾರು ವರ್ಷ ಅವಳು ಅದನ್ನು ಅಲ್ಲಿಂದಲೇ ನೋಡಿದಳು.

ಅದಕ್ಕೆ ಕಾರಣ ಉಪ್ಪು. ಅವಳು ಸೊಸೆಯಾಗಿ ಬಂದ ಮೂರನೆಯ ದಿನ ದೊಡ್ಡವಳು, ಅಂದರೆ ಅವಳ ಬಾಯಲ್ಲಿ ಅಕ್ಕ, ತರಕಾರಿ ಸೂಪಿಗೆ ಉಪ್ಪು ಹಾಕಿ ಮಗನಿಗೆ ಸ್ನಾನ ಮಾಡಿಸಲು ಹೋಗಿದ್ದಳು. ಹತ್ತೊಂಬತ್ತು ವರ್ಷದ ಹೊಸ ಹೆಣ್ಣಿಗೆ ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ. ಎಲ್ಲರಿಗಿಂತ ಮುಂಚೆ ಬಾಯಿಗೆ ಹಾಕಿ ನೋಡುವುದಕ್ಕೆ ನಾಚಿಕೆ. ರುಚಿ ನೋಡದೆ ತಾನೂ ಒಂದು ಹಿಡಿ ಉದುರಿಸಿದಳು. ಊಟಕ್ಕೆ ಕೂತವರು ಒಂದೇ ಗುಟುಕಿಗೆ ಬಟ್ಟಲು ಪಕ್ಕಕ್ಕೆ ಸರಿಸಿದರು. ಅವಳ ಗಂಡನೊಬ್ಬನೇ ಮೂರು ಚೊಂಬು ನೀರು ಕುಡಿದು, "ಸಮುದ್ರ ನೋಡೋಕೆ ಹೋಗೋ ಖರ್ಚು ಉಳೀತು" ಎಂದ. ಅವನ ಬಾಯಿಯೇ ಹಾಗೆ.

"ಇನ್ನು ಮೇಲೆ ಈ ಮನೆ ಉಪ್ಪು ಒಂದೇ ಕೈಯಿಂದ ಬೀಳಬೇಕು," ಎಂದಳು ಅಕ್ಕ ಪಾತ್ರೆ ತೊಳೆಯುವಾಗ. ಸಿಟ್ಟಿನಿಂದಲ್ಲ, ಕೆಲಸದ ಮಾತು ಆಡುವ ಹಾಗೆ. "ಯಾರ ಕೈ ಅಂತ ನೀನೇ ಹೇಳು."

ಬಂದು ಮೂರು ದಿನವಾದವಳು ಏನು ಹೇಳಿಯಾಳು? "ನಿಮ್ಮದೇ ಅಕ್ಕ" ಎಂದಳು. ಎರಡು ಪದ ಆಡಿ ಮುಗಿಸುವಷ್ಟರಲ್ಲಿ ಒಲೆ ಕೈಬಿಟ್ಟು ಹೋಗಿತ್ತು.

ಅಕ್ಕ ಕೆಟ್ಟವಳಲ್ಲ. ಆದರೆ ಉಪ್ಪಿನ ವಿಷಯದಲ್ಲಿ ಅವಳದು ಸರ್ವಾಧಿಕಾರ. ಒಮ್ಮೆ ಪಿತ್ತಕೋಶದ ಕಲ್ಲು ತೆಗೆಸಲು ಮೂರು ದಿನ ಆಸ್ಪತ್ರೆ ಸೇರಬೇಕಾಯಿತು. ಹೊಟ್ಟೆ ಹಿಡಿದುಕೊಂಡು ನರಳುತ್ತಲೇ ಆರು ಪೊಟ್ಟಣ ಉಪ್ಪು ಕಟ್ಟಿ, ಪ್ರತಿಯೊಂದರ ಮೇಲೂ ಯಾವ ಹೊತ್ತಿನದು ಎಂದು ಬರೆದಿಟ್ಟು ಹೋದಳು. ನರಳಾಟದ ನಡುವೆಯೂ "ರಾತ್ರೀದು ಮಧ್ಯಾಹ್ನಕ್ಕೆ ಹಾಕಿಬಿಟ್ಟೀಯ" ಎಂದು ಬಾಗಿಲಲ್ಲಿ ನಿಂತು ಎಚ್ಚರಿಸಿದಳು. ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಪೊಟ್ಟಣ ಬಿಚ್ಚಿ ಬಿಚ್ಚಿ ಅಡುಗೆ ಮಾಡಿದಳು. ಹೊಟ್ಟೆಕಿಚ್ಚಲ್ಲಿ ಅವಳು ಬೆಂದದ್ದು ಆ ಮೂರು ದಿನ ಮಾತ್ರ ಎಂದುಕೊಳ್ಳಬೇಡಿ. ಒಂದು ದಿನವಾದರೂ ಈ ಒಲೆ ತನ್ನದಾಗಲಿ ಎಂದು ಅವಳು ಬೇಡಿಕೊಳ್ಳದ ವರ್ಷವಿಲ್ಲ. ಬೇಡಿಕೊಂಡದ್ದನ್ನು ಯಾರಿಗೂ ಹೇಳಲಿಲ್ಲ, ಅಷ್ಟೇ.

ಆದರೆ ಅಕ್ಕನ ಅಡುಗೆಗೆ ಹೆಸರಿಡಲು ಅವಳಿಂದಲೂ ಆಗುತ್ತಿರಲಿಲ್ಲ. ಅಕ್ಕ ಬಾಯಿಗೆ ಹಾಕಿ ರುಚಿ ನೋಡಿದ್ದನ್ನು ಯಾರೂ ಕಂಡಿಲ್ಲ. ಮುಚ್ಚಳ ತೆಗೆದು ಹಬೆಗೆ ಮುಖ ಒಡ್ಡಿ, "ಇನ್ನೊಂದು ಚಿಟಿಕೆ ಬೇಕು" ಎನ್ನುವಳು. ಹಬೆಯಲ್ಲಿ ಉಪ್ಪಿನ ವಾಸನೆ ಹೇಗೆ ಬರುತ್ತದೆ ಎಂದು ಚಿಕ್ಕಮ್ಮ ಕದ್ದು ಮೂಗು ಒಡ್ಡಿ ನೋಡಿದ್ದುಂಟು. ಮೂಗು ಬೆಂದದ್ದೇ ಬಂತು.

ಶನಿವಾರ ಬಂತೆಂದರೆ ಬನ್ನು. ಅಕ್ಕನ ಗಂಡ, ಚಿಕ್ಕಮ್ಮನ ಭಾವ, ಬ್ರೆಡ್ ಕಾರ್ಖಾನೆಯಲ್ಲಿ ಓವನ್ ನೋಡಿಕೊಳ್ಳುತ್ತಿದ್ದವರು. ಅಲ್ಲಿ ತೆಗೆದುಹಾಕಿದ ಸಣ್ಣ ಓವನನ್ನು ಹೆಗಲ ಮೇಲೆ ಹೊತ್ತು ತಂದವರು. ತಂದರು, ಅಷ್ಟೇ. ಮನೆಯಲ್ಲಿ ಒಂದು ದಿನ ಹಿಟ್ಟು ಮುಟ್ಟಿದವರಲ್ಲ. "ಅಲ್ಲಿ ಮಾಡಿದ್ದು ಸಾಲದಾ?" ಎನ್ನುವರು. ಹಿಟ್ಟು ನಾದುವುದು ಚಿಕ್ಕಮ್ಮನ ಕೆಲಸ, ಉಳಿದದ್ದೆಲ್ಲ ಅಕ್ಕನದು. ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು, ಓವನಿಗೆ ಹಾಕುವ ಮುಂಚೆ ಬೆರಳಿನಿಂದ ಗುರುತು ಒತ್ತುವಳು. ಒಂದು ಕುಳಿ ಭಾವನಿಗೆ, ಅದರೊಳಗೆ ಬೆಣ್ಣೆ ಹೆಚ್ಚು. ಎರಡು ಕುಳಿ ಮಗನಿಗೆ, ಒಣದ್ರಾಕ್ಷಿ ತುಂಬಿದ್ದು. ಉಗುರಿನ ಗೀರು ಚಿಕ್ಕಮ್ಮನ ಗಂಡನಿಗೆ, ಅವನಿಗೆ ತಳ ಸುಟ್ಟಷ್ಟು ಕಂದಾಗಬೇಕು. ಗುರುತೇ ಇಲ್ಲದ್ದು ಚಿಕ್ಕಮ್ಮನದು, ಅದನ್ನು ಎಲ್ಲಕ್ಕಿಂತ ಮೊದಲು ಹೊರಗೆ ತೆಗೆಯುವಳು. ನಡುವೆ ಸ್ವಲ್ಪ ಹಸಿಯಾಗಿ ಮೆತ್ತಗಿದ್ದರೆ ಇವಳಿಗೆ ಇಷ್ಟ ಎಂದು ಅಕ್ಕನಿಗೆ ಯಾರು ಹೇಳಿದರೋ. ಚಿಕ್ಕಮ್ಮನಂತೂ ಹೇಳಿರಲಿಲ್ಲ.

ಗೀರು ಬಿದ್ದ ಬನ್ನು ಹನ್ನೊಂದು ವರ್ಷ ಬೆಂದಿತು. ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಆ ಮನುಷ್ಯ ಒಂದು ಬೆಳಿಗ್ಗೆ ಮೂರನೆಯ ಮಹಡಿಯ ಎತ್ತರಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸತ್ತ. ಮಕ್ಕಳಿರಲಿಲ್ಲ. ಚಿಕ್ಕಮ್ಮ ಗೋಡೆಗೆ ಮುಖ ಮಾಡಿ ಮಲಗಿದವಳು ಅನ್ನ ಮುಟ್ಟಲಿಲ್ಲ. ಅಕ್ಕ ತಟ್ಟೆ ತಂದು ಅವಳ ಬೆನ್ನ ಹಿಂದೆ ಕೂತಳು. "ನೀನು ತಿನ್ನೋವರೆಗೂ ನಾನೂ ತಿನ್ನಲ್ಲ. ನನಗೆ ಹಸಿವು ತಡೆಯಲ್ಲ ಅಂತ ನಿನಗೆ ಗೊತ್ತು. ಯೋಚನೆ ಮಾಡು," ಎಂದಳು. ಒಂದೂವರೆ ದಿನ ಇಬ್ಬರೂ ಹಾಗೇ ಇದ್ದರು. ಕೊನೆಗೆ ಅಕ್ಕನ ಹೊಟ್ಟೆ ಗುಡುಗುಟ್ಟಿದ ಸದ್ದಿಗೆ ಚಿಕ್ಕಮ್ಮನಿಗೆ ನಗು ಬಂತು, ನಗುತ್ತ ಅಳು ಬಂತು, ಎದ್ದು ಕೂತು ಉಂಡಳು. ಆಮೇಲೆ ತವರಿಗೆ ಹೋಗುವ ಮಾತು ಬಂದಾಗ ಅಕ್ಕ, "ಹಿಟ್ಟು ಯಾರು ನಾದೋದು?" ಎಂದು ಕೇಳಿದಳು. ಮಾತು ಅಲ್ಲಿಗೇ ಮುಗಿಯಿತು.

ಹೀಗೆ ನಡೆದುಬಂದ ಸಂಸಾರದಲ್ಲಿ ಒಂದು ಮಧ್ಯಾಹ್ನ ಬೇಳೆಯಲ್ಲಿ ಉಪ್ಪು ಜಾಸ್ತಿಯಾಯಿತು. ಭಾವ ಹುಬ್ಬೇರಿಸಿದರು. ಮಗ ನೀರು ಕುಡಿದ. ಮೂವತ್ತಾರು ವರ್ಷದಲ್ಲಿ ಒಂದು ದಿನ, ಆಗುತ್ತದೆ ಬಿಡಿ ಎಂದುಕೊಂಡರು. ಚಿಕ್ಕಮ್ಮನಿಗೆ ಒಳಗೊಳಗೇ ಕೊಂಚ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಅದೇ ವಾರ ಮತ್ತೆ ಎರಡು ಸಲ ಹಾಗಾಯಿತು. ಚಿಕ್ಕಮ್ಮ ಚಾಪೆಯ ಮೇಲೆ ಕೂತು ಸೂಜಿ ನಿಲ್ಲಿಸಿ ನೋಡಿದಳು. ಅಕ್ಕ ಉಪ್ಪು ಹಾಕಿದಳು, ಸೌಟು ಆಡಿಸಿದಳು. ಕಿಟಕಿಯ ಬಳಿ ಹೋಗಿ ಒಣಗಿದ ಬಟ್ಟೆ ಎಳೆದುಕೊಂಡಳು. ತಿರುಗಿ ಬಂದು ಡಬ್ಬಿಗೆ ಕೈ ಹಾಕಿ ಮತ್ತೆ ಉಪ್ಪು ಹಾಕಿದಳು. ಬಟ್ಟೆ ಮಡಿಸಿಟ್ಟು ಬಂದು ಮೂರನೆಯ ಸಲ. ಮೊದಲಿನದೇ ಅಳತೆ, ಮೊದಲಿನದೇ ಬೆರಳು, ಮುಖದಲ್ಲಿ ಯಾವ ಅನುಮಾನವೂ ಇಲ್ಲ. ಹಬೆಗೆ ಮುಖ ಒಡ್ಡಿದಳು, ಆದರೆ ಏನೂ ಹೇಳಲಿಲ್ಲ.

ಭಾವನ ಪಾದ ಊದಿಕೊಂಡಿತು. ಮೊದಲೇ ರಕ್ತದೊತ್ತಡದ ಮನುಷ್ಯ. ಡಾಕ್ಟರು ಬೆರಳಿನಿಂದ ಪಾದ ಒತ್ತಿ, ಬಿದ್ದ ಕುಳಿ ತೋರಿಸಿ, "ಇವರಿಗೆ ಉಪ್ಪು ವಿಷ ಅಂದ್ಕೊಳ್ಳಿ" ಎಂದರು. ಮಗ ಲಿಫ್ಟ್ ರಿಪೇರಿ ಮಾಡುವವನು. ಮದುವೆ ಎಂದರೆ ಮೈಲಿ ದೂರ ಓಡುವವನು, ಆದರೆ ಅಪ್ಪನ ಔಷಧಿಯ ಹೊತ್ತು ತಪ್ಪಿಸದವನು. ಅವನು ಮನೆಗೆ ಬಂದು ಎಲ್ಲರೆದುರಿಗೆ ಹೇಳಿದ: "ಅಮ್ಮ, ಸಾಕು. ಸೋಮವಾರದಿಂದ ಅಡುಗೆಗೆ ಯಾರನ್ನಾದ್ರೂ ಇಡ್ತೀನಿ. ನೀನು ಆರಾಮಾಗಿ ಕೂತ್ಕೋ."

ಅಕ್ಕ ಸೌಟು ಹಿಡಿದು ನಿಂತಿದ್ದಳು. "ಕೂತ್ಕೊಂಡು ಏನು ಮಾಡ್ಲಿ?" ಎಂದಳು.

"ಏನೂ ಮಾಡ್ಬೇಡ."

"ಏನೂ ಮಾಡದೆ ಇರೋದು ಹೇಗೆ ಅಂತ ನನಗೆ ಗೊತ್ತಿಲ್ಲಪ್ಪ," ಎಂದಳು ಅಕ್ಕ. ದನಿ ಅಲ್ಲಾಡಿತು. ಆ ಹೆಂಗಸಿನ ದನಿ ಅಲ್ಲಾಡಿದ್ದನ್ನು ಚಿಕ್ಕಮ್ಮ ತನ್ನ ಗಂಡ ಸತ್ತ ದಿನವೂ ಕೇಳಿರಲಿಲ್ಲ. ತಾನು ಇಷ್ಟು ವರ್ಷ ಬೇಡಿಕೊಂಡ ದಿನ ಮನೆ ಬಾಗಿಲಿಗೆ ಬಂದು ನಿಂತಿದೆ, ಬಾ ಒಳಗೆ ಅನ್ನಬೇಕು, ಅಷ್ಟೇ. ಅವಳು ಹಾಗೆನ್ನಲಿಲ್ಲ.

"ಯಾರನ್ನೂ ಇಡೋದು ಬೇಡ," ಎಂದಳು ಮಗನಿಗೆ. "ನಾನು ಪಕ್ಕದಲ್ಲೇ ನಿಂತು ನೋಡ್ಕೋತೀನಿ. ಇನ್ನೊಂದು ಸಲ ಹೀಗಾದ್ರೆ ಆಮೇಲೆ ನಿನ್ನಿಷ್ಟ."

"ಇನ್ನೊಂದೇ ಸಲ ಚಿಕ್ಕಮ್ಮ," ಎಂದ ಅವನು.

ಪಕ್ಕದಲ್ಲಿ ನಿಂತು ಕೈ ಹಿಡಿದರೆ ಅಕ್ಕನಿಗೆ ಗೊತ್ತಾಗುತ್ತದೆ. "ಆಗಲೇ ಹಾಕಿದ್ರಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳಿಸಿಕೊಂಡರೆ ಅವಳೇ ಕುಸಿಯುತ್ತಾಳೆ. ಆ ರಾತ್ರಿ ಚಿಕ್ಕಮ್ಮ ಯೋಚಿಸಿದಳು, ಬೆಳಗಾಗೆದ್ದು ಅಕ್ಕಿಯನ್ನು ಸ್ವಲ್ಪ ತರಿಯಾಗಿ ಪುಡಿ ಮಾಡಿಸಿ ತಂದಳು. ಉಪ್ಪಿನ ಡಬ್ಬಿಯಲ್ಲಿದ್ದ ಉಪ್ಪನ್ನೆಲ್ಲ ತೆಗೆದು, ಡಬ್ಬಿ ತೊಳೆದು, ಒಣಗಿಸಿ, ಅಕ್ಕಿಹಿಟ್ಟು ತುಂಬಿದಳು. ಅಂಥ ತರಿ ಹಿಟ್ಟನ್ನು ಉಪ್ಪಲ್ಲ ಎನ್ನಲು ನಾಲಿಗೆಯೇ ಬೇಕು, ಅಕ್ಕ ನಾಲಿಗೆಗೆ ಹಾಕಿ ನೋಡುವವಳಲ್ಲ. ನಿಜವಾದ ಉಪ್ಪು ಚಿಕ್ಕಮ್ಮನ ಬುಟ್ಟಿ ಸೇರಿತು, ಬಿಳಿ ಗುಂಡಿಗಳ ಡಬ್ಬಿಯಲ್ಲಿ.

ಅಂದಿನಿಂದ ಅಕ್ಕ ಎಷ್ಟು ಸಲ ಬೇಕಾದರೂ ಉಪ್ಪು ಹಾಕಲಿ. ಅವಳು ಬಟ್ಟೆ ಎಳೆಯಲು ಕಿಟಕಿಗೆ ಹೋದಾಗ ಚಿಕ್ಕಮ್ಮ ಚಾಪೆಯಿಂದೆದ್ದು ಬಂದು, ಸೆರಗಿನ ಮರೆಯಲ್ಲಿ ಮೂರು ಬೆರಳು ಆಡಿಸಿ ಹೋಗುವಳು. ಅಕ್ಕಿಹಿಟ್ಟು ಬಿದ್ದು ಬಿದ್ದು ಸೂಪು ಮಂದವಾಯಿತು. "ಇತ್ತೀಚೆಗೆ ಹೋಟೆಲಿನ ಸೂಪಿನ ಹಾಗೆ ಬರ್ತಿದೆ ಕಣೇ," ಎಂದರು ಭಾವ. "ಅನುಭವ," ಎಂದಳು ಅಕ್ಕ. ಚಿಕ್ಕಮ್ಮ ನಗು ನುಂಗಿಕೊಳ್ಳಲು ನೀರು ಕುಡಿದಳು.

ಶನಿವಾರದ ಹಿಟ್ಟು ಕಷ್ಟ ಕೊಟ್ಟಿತು. ನಾದಿದ ಮೇಲೆ ಉಪ್ಪು ಉದುರಿಸಿದರೆ ಹಲ್ಲಿಗೆ ಸಿಗುತ್ತದೆ. ಕೊನೆಗೆ ಅವಳು ಒಂದು ಬಟ್ಟಲಲ್ಲಿ ಉಪ್ಪುನೀರು ಕಲಸಿಟ್ಟುಕೊಂಡಳು. ನಾದುವ ಮಧ್ಯೆ "ಕೈಗೆ ಅಂಟ್ತಿದೆ ಅಕ್ಕ" ಎಂದು ಅದರಲ್ಲಿ ಕೈ ಅದ್ದುವಳು. ಹಿಟ್ಟಿಗೆ ಉಪ್ಪು ಅವಳ ಅಂಗೈಯಿಂದಲೇ ಇಳಿಯುತ್ತಿತ್ತು. ಸೂಜಿ ಚುಚ್ಚಿದ ಬೆರಳ ತುದಿಗಳೆಲ್ಲ ಉರಿಯುತ್ತಿದ್ದವು. ಒಂದು ಶನಿವಾರ ಟೈಲರ್‌ನದು ಅವಸರದ ಮೂವತ್ತು ಶರಟು ಬಂದು ಬಟ್ಟಲು ಮರೆತೇ ಹೋಯಿತು. ಉಪ್ಪಿಲ್ಲದ ಹಿಟ್ಟು ಹಿಡಿತವಿಲ್ಲದೆ ಉಬ್ಬಿ ಪಾತ್ರೆಯ ಅಂಚು ದಾಟಿತು. ಭಾವ ಹೋಗುತ್ತ ಬರುತ್ತ ಅದನ್ನು ನೋಡಿ ನಿಂತರು. ಮೂವತ್ತು ವರ್ಷ ಹಿಟ್ಟು ಕಂಡ ಕಣ್ಣು. "ಇದೇನು, ಇದಕ್ಕೆ ಉಪ್ಪೇ ಬಿದ್ದಿಲ್ವಲ್ಲ?" ಎಂದರು.

"ಹಾಕಿದ್ದೀನಿ," ಎಂದಳು ಅಕ್ಕ ಗಟ್ಟಿಯಾಗಿ.

"ಸೆಕೆ ಭಾವ," ಎಂದಳು ಚಿಕ್ಕಮ್ಮ. "ಸೆಕೆಗೆ ಉಬ್ಬಿದೆ." ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಭಾವ ಗೊಣಗುತ್ತ ಹೊರಗೆ ಹೋದರು.

ಎಂಟು ತಿಂಗಳು ಹೀಗೆ ನಡೆಯಿತು. ಭಾವನ ಪಾದದ ಊತ ಇಳಿಯಿತು, ಮಗ ಅಡುಗೆಯವಳ ಮಾತೆತ್ತಲಿಲ್ಲ. ಮೂರು ಹೊತ್ತೂ ಎಲ್ಲರ ನಾಲಿಗೆಗೆ ಬೀಳುತ್ತಿದ್ದದ್ದು ಚಿಕ್ಕಮ್ಮನ ಕೈ, ಹೆಸರು ಮಾತ್ರ ಅಕ್ಕನದು. "ಅಮ್ಮ, ಇವತ್ತು ಸೂಪರ್" ಎಂದು ಮಗ ಹೇಳಿದಾಗ ಚಿಕ್ಕಮ್ಮನಿಗೆ ಒಂದು ಕ್ಷಣ ಎದ್ದು ನಿಂತು, ಅದು ನನ್ನದು ಕಣೋ ಎನ್ನಬೇಕು ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಅಕ್ಕನಿಗೋಸ್ಕರ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಅದು ನಿಜವೇ. ಆದರೆ ಮೂರು ಬೆರಳಲ್ಲಿ ಉಪ್ಪು ಹಿಡಿದು ಕುದಿಯುವ ಪಾತ್ರೆಯ ಮೇಲೆ ಬಗ್ಗಿದಾಗ ಮೈಯೆಲ್ಲ ಒಂದು ಸಂತೋಷ ಹರಿಯುತ್ತಿತ್ತಲ್ಲ, ಅದೂ ನಿಜವೇ.

ಅಕ್ಕನ ಮರೆವು ಉಪ್ಪಿನ ಡಬ್ಬಿ ದಾಟಿ ಬಂತು. ಒಂದು ಶನಿವಾರ ಬನ್ನುಗಳ ಮೇಲೆ ಗುರುತು ಒತ್ತುತ್ತ ಒಂದರ ಮೇಲೆ ಉಗುರಿನಿಂದ ಗೀರೆಳೆದಳು. ಚಿಕ್ಕಮ್ಮ ನೋಡಿಯೂ ನೋಡದ ಹಾಗಿದ್ದಳು. ಉಳಿದವನ್ನು ತೆಗೆಯುವಾಗ ಅಕ್ಕ, "ಅದು ಇನ್ನೂ ಐದು ನಿಮಿಷ ಇರ್ಲಿ. ನಿನ್ನ ಗಂಡ ಇನ್ನೂ ಬಂದಿಲ್ವಲ್ಲ. ತಳ ಕಂದಾಗದಿದ್ರೆ ಬಾಯಿಗೆ ಬಂದ ಹಾಗೆ ಮಾತಾಡ್ತಾನೆ," ಎಂದಳು.

ಅವನು ಹೋಗಿ ಇಪ್ಪತ್ತೈದು ವರ್ಷವಾಗಿತ್ತು. "ಹೂಂ ಅಕ್ಕ, ಇರ್ಲಿ," ಎಂದಳು ಚಿಕ್ಕಮ್ಮ. ಗಡಿಯಾರ ನೋಡಿ ಐದು ನಿಮಿಷ ಕಾದು ತೆಗೆದಳು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅದನ್ನು ತಿಂದಳು. ತಳ ಗಟ್ಟಿಯಾಗಿತ್ತು, ಅವನ ಹಲ್ಲಿಗೆ ಸರಿಯಾಗುತ್ತಿತ್ತು. ಅಳುತ್ತ ಅಳುತ್ತಲೇ ಒಂದು ಚೂರೂ ಬಿಡದೆ ತಿಂದಳು. ಪ್ರತಿ ಶನಿವಾರ ಅಕ್ಕ ಆ ಗೀರು ಎಳೆಯಲಿ ಎಂದು ಅವಳಿಗೆ ಆಸೆಯಾಯಿತು. ಒಮ್ಮೊಮ್ಮೆ ಎಳೆಯುತ್ತಿದ್ದಳು, ಒಮ್ಮೊಮ್ಮೆ ಇಲ್ಲ.

ಮರೆವಿನ ನಡುವೆ ಅಕ್ಕನಿಗೆ ಚೆನ್ನಾಗಿರುವ ದಿನಗಳೂ ಇದ್ದವು. ಅಂಥ ಒಂದು ಬೆಳಿಗ್ಗೆ ಚಿಕ್ಕಮ್ಮ ಶರಟುಗಳ ಕಟ್ಟು ಹೊತ್ತು ಟೈಲರ್ ಅಂಗಡಿಗೆ ಹೋಗಿದ್ದಳು. ಭಾವನಿಗೆ ಉಪ್ಪು ಕಡಿಮೆಯ ಊಟದ ಮೇಲೆ ಎಷ್ಟೋ ದಿನದ ಸಿಟ್ಟು. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಇತ್ತು, ಕಾಯುವವಳು ಮನೆಯಲ್ಲಿರಲಿಲ್ಲ. "ಲೇ, ಒಂದೇ ಒಂದು ಚಿಟಿಕೆ ಉಪ್ಪು ಹಾಕು. ಅವಳಿಗೆ ಹೇಳ್ಬೇಡ," ಎಂದರು ಹೆಂಡತಿಗೆ. ಅಕ್ಕನಿಗೆ ಪಾಪ ಅನ್ನಿಸಿತು. ಡಬ್ಬಿ ತಂದು ಮೊಟ್ಟೆಯ ಮೇಲೆ ಒಂದು ಚಿಟಿಕೆ ಉದುರಿಸಿದಳು. ಭಾವ ಆಸೆಯಿಂದ ಕಚ್ಚಿದರು. ಇನ್ನೊಂದು ಚಿಟಿಕೆ ತಾವೇ ಹಾಕಿಕೊಂಡು ಕಚ್ಚಿದರು.

"ಇದು ಉಪ್ಪಲ್ಲ ಕಣೇ," ಎಂದರು. "ಹಿಟ್ಟು."

ಚಿಕ್ಕಮ್ಮ ವಾಪಸು ಬಂದಾಗ ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಡಬ್ಬಿಯ ಮುಚ್ಚಳ ತೆಗೆದಿತ್ತು. ತುಟಿಯ ಮೇಲೆ ಬಿಳಿ ಅಂಟಿತ್ತು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಬಾಯಿಗೆ ಹಾಕಿ ನೋಡಿದ್ದಳು. ಭಾವ ಏನೋ ಅನಾಹುತವಾಯಿತೆಂದು ತಿಳಿದು ಬಾಗಿಲಿಗೆ ಒರಗಿ ನಿಂತಿದ್ದರು.

"ಎಷ್ಟು ದಿನದಿಂದ?" ಎಂದಳು ಅಕ್ಕ.

ಚಿಕ್ಕಮ್ಮನಿಗೆ ಸುಳ್ಳು ಹೊಳೆಯಲಿಲ್ಲ. "ಎಂಟು ತಿಂಗಳು."

"ಹಾಗಾದ್ರೆ ಉಪ್ಪು?"

"ನಾನು ಹಾಕ್ತಿದ್ದೆ ಅಕ್ಕ."

"ಯಾವಾಗ?"

"ನೀವು ಆಕಡೆ ತಿರುಗಿದಾಗ."

ಅಕ್ಕ ತಲೆಯಾಡಿಸಿದಳು. ಯಾವುದೋ ಲೆಕ್ಕ ಸರಿಹೋದ ಹಾಗೆ. "ನಾನು ಎರಡೆರಡು ಸಲ ಹಾಕ್ತಿದ್ನಾ?"

"ಒಂದೊಂದು ದಿನ."

"ನನಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಒಲೆ ಬಿಟ್ಟುಬಿಡ್ತಿದ್ರಿ."

"ಬಿಡ್ತಿದ್ದೆ," ಎಂದಳು ಅಕ್ಕ. "ನಾನಾಗೇ ಬಿಡ್ತಿದ್ದೆ. ನಿನ್ನ ಕೈಗೆ ಸೌಟು ಕೊಟ್ಟು, ತಗೋ ತಾಯಿ, ಇನ್ನು ನಿನ್ನದು ಅಂತ ಹೇಳಿ ಬಿಡ್ತಿದ್ದೆ. ಮಗುಗೆ ಆಟದ ಸಾಮಾನು ಕೊಟ್ಟು ಕೂರಿಸಿದ ಹಾಗೆ ಕೂರಿಸ್ದೆಯಲ್ಲೇ ನನ್ನ. ನಾನು ಹಿಟ್ಟು ಉದುರಿಸ್ಕೊಂಡು ಅಡುಗೆ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ."

ಚಿಕ್ಕಮ್ಮ ಅವಳ ಕಾಲ ಬಳಿ ಕೂತಳು. ತಪ್ಪಾಯ್ತು ಎಂದಳು. ನಿಮಗೋಸ್ಕರ ಎಂದಳು. ಅಕ್ಕ ಬೈದಿದ್ದರೆ ಆಗುತ್ತಿತ್ತು, ಕೆನ್ನೆಗೆ ಒಂದು ಕೊಟ್ಟಿದ್ದರೂ ಆಗುತ್ತಿತ್ತು. ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಕೈವಸ್ತ್ರ ತೆಗೆದು ಮೇಜಿನ ಮೇಲಿಟ್ಟಳು, ಎದ್ದು ನಡುಮನೆಗೆ ಹೋಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಅದನ್ನು ಇಳಿಸಲೂ ಅವಳು ತಿರುಗಲಿಲ್ಲ.

ಆ ದಿನ ಚಿಕ್ಕಮ್ಮ ಮನಸ್ಸಿನಲ್ಲೇ ಒಂದು ಕೆಟ್ಟ ಆಸೆ ಇಟ್ಟುಕೊಂಡಳು. ನಾಳೆ ಬೆಳಿಗ್ಗೆ ಅಕ್ಕ ಇದನ್ನು ಮರೆತಿರುತ್ತಾಳೆ. ನಿನ್ನೆ ಏನು ತಿಂದೆ ಎಂಬುದು ನೆನಪಿರುವುದಿಲ್ಲ, ಇದು ಎಲ್ಲಿ ನೆನಪಿರುತ್ತದೆ? ಡಬ್ಬಿ ತೊಳೆದು ನಿಜವಾದ ಉಪ್ಪು ತುಂಬಿ ಅದೇ ಜಾಗದಲ್ಲಿಟ್ಟಳು. ಯಾವ ಮರೆವನ್ನು ಎಂಟು ತಿಂಗಳು ಅಡಗಿಸಿಟ್ಟಿದ್ದಳೋ ಅದನ್ನೇ ಈಗ ಬಾ ಬಾ ಎಂದು ಕರೆದಳು.

ಬೆಳಿಗ್ಗೆ ಅಕ್ಕ ಎಂದಿನ ಹೊತ್ತಿಗೆ ಎದ್ದಳು, ಮುಖ ತೊಳೆದಳು, ಅಡುಗೆಮನೆಯ ಕಡೆ ನಡೆದಳು. ಚಿಕ್ಕಮ್ಮ ನೋಡುತ್ತಿದ್ದಳು. ಹೊಸ್ತಿಲ ತನಕ ಬಂದ ಅಕ್ಕ ಅಲ್ಲೇ ನಿಂತಳು. ಒಂದು ನಿಮಿಷ ಒಲೆ ನೋಡಿದಳು. ತಿರುಗಿ ಹೋಗಿ ಸ್ಟೂಲಿನ ಮೇಲೆ ಕೂತಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

ಅಡುಗೆ ಚಿಕ್ಕಮ್ಮನದಾಯಿತು. ಈಗ ಎಲ್ಲರೆದುರಿಗೆ ಡಬ್ಬಿ ತೆರೆದು ಉಪ್ಪು ಹಾಕಬಹುದಿತ್ತು. ಮೊದಲ ಊಟದಲ್ಲಿ ಅವಳು ಎಲ್ಲರ ಮುಖ ನೋಡಿದಳು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ, ಎಂಟು ತಿಂಗಳಿಂದ ತಿಂದದ್ದು ಅದನ್ನೇ. "ಮೊದಲೇ ಹೀಗೆ ಮಾಡ್ಬೇಕಿತ್ತು ಚಿಕ್ಕಮ್ಮ," ಎಂದ ಮಗ, ಒಳ್ಳೆಯ ಮನಸ್ಸಿನಿಂದಲೇ. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಸ್ಟೂಲಿನ ಕಡೆ ನೋಡಿದಳು. ಶನಿವಾರ ಹಿಟ್ಟು ನಾದಿ ಉಂಡೆ ಕಟ್ಟಿ, ತಟ್ಟೆಯನ್ನು ಸ್ಟೂಲಿನ ಬಳಿಗೇ ಒಯ್ದು, "ಅಕ್ಕ, ಗುರುತು ಒತ್ತಿ" ಎಂದು ಮುಂದಿಟ್ಟಳು. ಅಕ್ಕ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೇರೆ ಕಡೆ ನೋಡಿದಳು. ಆಮೇಲೆ ಬನ್ನುಗಳೆಲ್ಲ ಒಂದೇ ಥರ ಬೆಂದು ಬಂದವು.

ವರ್ಷ ಒಂದಾಯಿತು. ಅಕ್ಕನಿಗೆ ವಾರದ ಹೆಸರುಗಳು ಹೋದವು. ಮಗನನ್ನು ತಮ್ಮ ಎಂದಳು, ಗಂಡನನ್ನು ಯಾರೋ ನೆಂಟರು ಎಂದು ಸೆರಗು ಸರಿಮಾಡಿಕೊಂಡಳು. ಚಮಚ ಬಾಯಿಯ ದಾರಿ ಮರೆಯಿತು, ಚಿಕ್ಕಮ್ಮ ತಿನ್ನಿಸತೊಡಗಿದಳು. ಆದರೆ ಅಡುಗೆಮನೆಯ ಹೊಸ್ತಿಲನ್ನು ಅವಳ ಕಾಲು ಮರೆಯಲಿಲ್ಲ. ಕೈ ಹಿಡಿದು ಕರೆದರೂ ಅಲ್ಲಿಗೆ ಬಂದು ನಿಂತುಬಿಡುವಳು.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ಚಿಕ್ಕಮ್ಮ ಸ್ಟೂಲಿನ ಮುಂದೆ ಮೊಣಕಾಲೂರಿ ಕೂತು, ಬನ್ನು ಮುರಿದು ಸೂಪಿನಲ್ಲಿ ನೆನೆಸಿ, ಊದಿ ಆರಿಸಿ ತಿನ್ನಿಸುತ್ತಿದ್ದಳು. ಅಕ್ಕ ಅವಳನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ನೀನು ಹೊಸಬಳೇನಮ್ಮಾ?" ಎಂದು ಕೇಳಿದಳು.

ಅದೇ ಮೊದಲ ಸಲ. ಇಷ್ಟು ದಿನ ಹೆಸರು ಹಿಡಿಯದಿದ್ದರೂ ಮನೆಯವಳೆಂಬುದು ಗೊತ್ತಿತ್ತು. "ಹೂಂ," ಎಂದಳು ಚಿಕ್ಕಮ್ಮ.

"ಒಳ್ಳೆಯವಳ ಹಾಗೆ ಕಾಣ್ತೀಯ. ಅದಕ್ಕೇ ಒಂದು ಮಾತು ಹೇಳ್ತೀನಿ." ಅಕ್ಕ ಅಡುಗೆಮನೆಯ ಕಡೆ ಒಮ್ಮೆ ನೋಡಿ ಮುಂದಕ್ಕೆ ಬಗ್ಗಿದಳು, ದನಿ ತಗ್ಗಿಸಿದಳು. "ಒಳಗೆ ಒಬ್ಬಳಿದ್ದಾಳೆ. ಉಪ್ಪಿನ ಡಬ್ಬೀಲಿ ಹಿಟ್ಟು ತುಂಬಿಡ್ತಾಳೆ. ನಿನಗೆ ಗೊತ್ತೇ ಆಗಲ್ಲ. ಹುಷಾರಾಗಿರು."

ಚಿಕ್ಕಮ್ಮ ಚಮಚವನ್ನು ಬಟ್ಟಲಲ್ಲಿಟ್ಟಳು. ಅಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸದಾಗಿ ಬಂದ ಹುಡುಗಿಗೆ ಮನೆಯ ಸಂಗತಿ ತಿಳಿಸುವ ಹಿರಿಯಳ ಕಾಳಜಿ ಇತ್ತು.

"ಯಾಕೆ ಹಾಗೆ ಮಾಡಿದ್ಲಂತೆ?" ಎಂದು ಚಿಕ್ಕಮ್ಮ ಕೇಳಿದಳು.

ಅಕ್ಕ ಬಾಯಲ್ಲಿದ್ದ ಬನ್ನನ್ನು ನಿಧಾನವಾಗಿ ಅಗಿದು ನುಂಗಿದಳು. ಇನ್ನು ಮರೆತಳು ಎಂದು ಚಿಕ್ಕಮ್ಮ ಅಂದುಕೊಳ್ಳುವಷ್ಟರಲ್ಲಿ, "ಅವಳಿಗೆ ಒಲೆ ಬೇಕಿತ್ತು," ಎಂದಳು.

ಹತ್ತೊಂಬತ್ತನೆಯ ವಯಸ್ಸಿನಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದು. ಇಲ್ಲ, ಹಾಗಲ್ಲ ಎನ್ನಬಹುದಿತ್ತು. ಕೇಳುತ್ತಿದ್ದವಳಿಗೆ ಸುಳ್ಳು ನಿಜ ಎರಡೂ ಒಂದೇ, ಐದು ನಿಮಿಷದ ಮೇಲೆ ಎರಡೂ ಉಳಿಯುವುದಿಲ್ಲ. ಆದರೂ ಚಿಕ್ಕಮ್ಮನಿಗೆ ಸುಳ್ಳು ಹೇಳಲಾಗಲಿಲ್ಲ. ಕಣ್ಣೀರು ಕೆನ್ನೆಗಿಳಿದು ಗಲ್ಲದಿಂದ ತೊಟ್ಟಿಕ್ಕಿತು.

"ಬೇಕಿತ್ತು ಅಕ್ಕ," ಎಂದಳು. "ಮೊದಲು ಬೇಕಿತ್ತು. ಆಮೇಲೆ ನೀವೇ ಬೇಕಿತ್ತು."

"ಯಾರು ಬೇಕಿತ್ತು?" ಎಂದು ಕೇಳಿದ ಅಕ್ಕ, ಉತ್ತರಕ್ಕೆ ಕಾಯದೆ ಮುಂದಿನ ಚಮಚಕ್ಕೆ ಬಾಯಿ ತೆರೆದಳು.